ಹೋದ ವರ್ಷದ ಪ್ರಾಜೆಕ್ಟು

ಮೊನ್ನೆ ಸೊಸೆ ಪಲ್ಯಕ್ಕೆ ಬಾಳೆದಿಂಡು ಹೆಚ್ಚುತ್ತಿದ್ದಳು. ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಅಕ್ಕ ನೆನಪಾದರು. ನೆನಪಾಗಬಾರದಿತ್ತು...

ಅಕ್ಕ ಎಂದರೆ ಒಡಹುಟ್ಟಿದವರಲ್ಲ, ಹೊಸಪೇಟೆಯ ಸೇವಾ ಕ್ಲಬ್ಬೊಂದರವರು. ಹೊರದೇಶದ ಕ್ಲಬ್ಬಿನ ನೆರವಿನಿಂದ ನಮ್ಮ ಕಡ್ಡಿರಾಂಪುರಕ್ಕೆ ಬಾಳೆನಾರು ತೆಗೆಯುವ ಯಂತ್ರ ತಂದುಕೊಟ್ಟವರು. ಹೆಂಗಸರು ಸ್ವಂತ ಕಾಲ ಮೇಲೆ ನಿಲ್ಲಬೇಕು ಎನ್ನುತ್ತಿದ್ದರು. ಇಂಥ ಭಾಷಣ ನಾವು ಬೇಕಾದಷ್ಟು ಕೇಳಿದ್ದೆವು. ಆದರೆ ಇವರು ಕಾರಿನಿಂದಿಳಿದು ನಮ್ಮ ಜೊತೆ ನೆಲಕ್ಕೆ ಕೂತರು, ಒಳ್ಳೇ ಸೀರೆಗೆ ಬಾಳೆಯ ಕರೆ ಹತ್ತಿದರೂ ಲೆಕ್ಕಿಸದೆ ನಾರು ಹೆಣೆದರು. ನಾನು ಮರುಳಾದೆ. ಹಂಪಿ ನೋಡಲು ಬಂದವರು ನಮ್ಮ ಚೀಲ, ಬುಟ್ಟಿ ಕೊಳ್ಳತೊಡಗಿದರು. ತೋಟದ ಮೇಸ್ತ್ರಿಗೆ "ಇನ್ನ ಕೂಲಿಗೆ ಬರಂಗಿಲ್ರಿ" ಎಂದು ಹೇಳಿ ಬಂದ ದಿನ ನನ್ನ ಠೀವಿ ನೋಡಬೇಕಿತ್ತು.

ಕ್ಲಬ್ಬಿಗೆ ಪ್ರತಿ ಜುಲೈನಲ್ಲಿ ಹೊಸ ಅಧ್ಯಕ್ಷರು ಬರುತ್ತಾರೆ; ಆ ಸಲ ಅಕ್ಕನೇ ಆದರು. ನಾವು ಹಾರ ಹಿಡಿದು ಹೋಗಿ ಚಪ್ಪಾಳೆ ತಟ್ಟಿ ಬಂದೆವು. ಅದಾದ ಮೇಲೆ ಒಂದು ದಿನ ಟೆಂಪೋ ಬಂತು. "ಸರ್ವೀಸ್ ಮಾಡ್ಸಿ ಜಲ್ದಿ ಕಳಸ್ತೀನ್ರಿ" ಎಂದರು ಅಕ್ಕ. ಯಂತ್ರವನ್ನು ನಾವೇ ಹೆಗಲು ಕೊಟ್ಟು ಏರಿಸಿದೆವು!

ಯಂತ್ರ ವಾಪಸ್ಸು ಬರಲಿಲ್ಲ. ಬಂದದ್ದು ಮೊಬೈಲಿಗೊಂದು ಫೋಟೋ. ಸಂಡೂರು ಕಡೆಯ ಬಂಡ್ರಿಯಲ್ಲಿ ಅಕ್ಕ ರಿಬ್ಬನ್ ಕತ್ತರಿಸುತ್ತಿದ್ದರು. ಪಕ್ಕದ ಯಂತ್ರಕ್ಕೆ ಹೊಸ ಬಣ್ಣ, ಹೊಸ ಬೋರ್ಡು. ಹಿಡಿಕೆಗೆ ನಾನು ಸುತ್ತಿದ್ದ ಹಳೇ ಸೀರೆಯಂಚು ಮಾತ್ರ ಹಾಗೇ ಇತ್ತು. ಅಧ್ಯಕ್ಷರಾದವರಿಗೆಲ್ಲ ತಮ್ಮ ವರ್ಷಕ್ಕೊಂದು ಉದ್ಘಾಟನೆ ಬೇಕಂತೆ. ಫೋನ್ ಮಾಡಿದೆ.

"ನಿಮ್ದು ಹೋದ್ ವರ್ಷದ ಪ್ರಾಜೆಕ್ಟ್ ಅಲ್ಲೇನ್ರಿ? ಅದು ಮುಗೀತಲ್ಲ!"

ದನಿಯಲ್ಲಿ ಅದೇ ಅಕ್ಕರೆ. ಅದಕ್ಕೇ ಮೈಯೆಲ್ಲ ಉರಿಯಿತು.

ಜಗಳಕ್ಕೆಂದೇ ಬಂಡ್ರಿ ಬಸ್ಸು ಹತ್ತಿದೆ. ಅಲ್ಲಿನ ಹೆಂಗಸರು ಕೂರಿಸಿ ಚಹಾ ಕೊಟ್ಟರು. ಅದಿರಿನ ಧೂಳು ಕುಡಿದು ಸಾಕಾಗಿ, ಗಣಿಯ ಕೂಲಿ ಬಿಟ್ಟು ಬಂದವರು. "ಅಕ್ಕ ನಮಗಂತನ ಹೊಸಾದು ತಂದಾರ್ರಿ, ಭಾಳ ಛಲೋ ಮಂದಿ" ಎಂದು ಕಣ್ಣರಳಿಸಿದರು. ಯಾರ ಜೊತೆ ಜಗಳವಾಡಲಿ? "ಮುಂದಿನ ಜುಲೈದಾಗ ಯಾರರ ಸರ್ವೀಸ್ ಅಂತ ಬಂದ್ರ ಕೊಡಬ್ಯಾಡ್ರಿ" ಎಂದಷ್ಟೇ ಹೇಳಿ ಎದ್ದೆ. ಹೊಟ್ಟೆಕಿಚ್ಚಿನವಳು ಎಂದುಕೊಂಡರೋ ಏನೋ...

ಮತ್ತೆ ಅದೇ ಮೇಸ್ತ್ರಿಯ ಮುಂದೆ ಹೋಗಿ ನಿಂತೆ. ಅವನು ನಕ್ಕ.

ಅಕ್ಕ ತೀರಿಕೊಂಡು ಈಗ ಕೆಲವು ವರ್ಷ. ಸುದ್ದಿ ಕೇಳಿದ ದಿನ ಅತ್ತುಬಿಟ್ಟೆ, ಅತ್ತಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಅವರನ್ನು ನಂಬಿದಷ್ಟು ಆಮೇಲೆ ಯಾರನ್ನೂ ನಂಬಲಾಗಲಿಲ್ಲ.

ನಿನ್ನೆ ಇನ್ನೊಂದು ಕ್ಲಬ್ಬಿನ ಹುಡುಗಿಯೊಬ್ಬಳು ನಮ್ಮ ಓಣಿಗೆ ಹೊಲಿಗೆ ಯಂತ್ರ ತಂದಿದ್ದಳು. ಪಾಪ, ಒಳ್ಳೆಯವಳ ಹಾಗೇ ಕಂಡಳು. ಸೊಸೆ ಓಡಿಹೋಗಿ ಕೂತು, ನಗುನಗುತ್ತ ತುಳಿಯತೊಡಗಿದಳು. ನಾನು ನಮ್ಮ ಮನೆಯ ಹೊಸ್ತಿಲಲ್ಲೇ ನಿಂತು ಕೇಳಿದೆ: "ಇದನ್ನ ಯಾವಾಗ ಒಯ್ತೀರಿ?"

ಹುಡುಗಿ ಪೆಚ್ಚಾದಳು. ಸೊಸೆಯ ಕಾಲು ನಿಂತಿತು.