ಸಿಮೆಂಟಿನಡಿಯ ನಾಲ್ಕು ಸಾಲು

“ಕಲ್ಲಿಗೇನು ತಲೆನೋವಾ, ಹೀಗೆ ಎಣ್ಣೆ ತಿಕ್ಕೋಕೆ?”

ಬೆಳಗಿನ ಐದೂವರೆ. ಗುಡಿಯ ಹೊರಗೋಡೆಗೆ ಆನಿಸಿ ನಿಲ್ಲಿಸಿದ ಶಾಸನದ ಮುಂದೆ ಮಂಡಿಯೂರಿರುವ, ಕಲ್ಲಿನ ಬರಹವನ್ನು ಕಾಗದಕ್ಕಿಳಿಸುವ ಮಸಿಯಕ್ಕ ಕೇಳುತ್ತಿರುವುದು ತಮ್ಮನ್ನೇ; ಅಲ್ಲಿ ಬೇರೆ ನರಪಿಳ್ಳೆಯೂ ಇಲ್ಲ. ಭಕ್ತರು ಸವರಿದ ಜಿಡ್ಡನ್ನು ಸಾಬೂನು ನೀರಲ್ಲಿ ಉಜ್ಜಿ ತೆಗೆಯುವುದಕ್ಕೇ ಒಂದು ಗಂಟೆ. ಜಿಡ್ಡಿದ್ದರೆ ಕಾಗದ ಅಂಟದು. ಆಮೇಲೆ ಒದ್ದೆ ಕಾಗದ ಹೊದಿಸಿ, ಕುಂಚದಿಂದ ಬಡಿದು ಅಕ್ಷರದ ಗುಂಡಿಗಿಳಿಸಿ, ಮಸಿ ಅದ್ದಿದ ಬಟ್ಟೆಯುಂಡೆಯಿಂದ ತಟ್ಟುತ್ತಾರೆ. ಕಪ್ಪಿನ ನಡುವೆ ಬಿಳಿ ಅಕ್ಷರಗಳು ಏಳುತ್ತವೆ.

ಅಪ್ಪನಿಂದ ಕಲಿತ ಕೆಲಸ. ಮೂವತ್ತೊಂದು ವರ್ಷದಲ್ಲಿ ಎರಡು ಸಾವಿರ ಕಲ್ಲು. ಮೊಣಕಾಲು ಸವೆದಿದೆ. ಉಗುರಿನ ಮಸಿ ಮದುವೆಯ ದಿನವೂ ಹೋಗಿರಲಿಲ್ಲ. “ನಮ್ಮತ್ತೆ ಕೈ ನೋಡಿ, ‘ಸೊಸೆ ತಂದ್ವೋ, ಇದ್ದಿಲು ತಂದ್ವೋ’ ಅಂದ್ರು!” ನಗು ಅಲ್ಲಿಗೇ ಮುಗಿಯುತ್ತದೆ.

ಇಂದು ಅವರಿಗೆ ರೇಗಿರುವುದು ಎಣ್ಣೆಯ ಮೇಲಷ್ಟೇ ಅಲ್ಲ. ಮೊದಲ ಹನ್ನೆರಡು ಸಾಲು ರಾಜನ ಹೊಗಳಿಕೆ. ಹದಿಮೂರನೆಯದು ಕ್ಷೇತ್ರ ಹುಟ್ಟಿದ ಬಗೆ ಹೇಳುತ್ತದೆ: ದಾರಿಹೋಕರಿಗೆ ನೀರೆರೆಯುತ್ತಿದ್ದ ಅಗಸಗಿತ್ತಿಯೊಬ್ಬಳು ಇಲ್ಲಿ ಕಲ್ಲು ನೆಟ್ಟು ಮೊದಲು ಕೈಮುಗಿದಳು, ಅವಳ ಹೆಸರು... ಅಲ್ಲಿಂದ ಕೆಳಗೆ ಕಲ್ಲಿನ ಬುಡ ನೆಲದ ಸಿಮೆಂಟಿನೊಳಗೆ ಹೂತಿದೆ. ಸಂದಿಯಲ್ಲಿ ತಂತಿ ಇಳಿಸಿದರೆ ಒಂದು ಗೇಣು ಹೋಗುತ್ತದೆ. ಅಂದರೆ ನಾಲ್ಕು ಸಾಲು.

“ದಿನಾ ಸಾವಿರ ಜನ ಬರ್ತಾರೆ. ಈ ಜಾಗಕ್ಕೆ ಮೊದಲು ಕೈಮುಗಿದವಳು ಯಾರು ಅಂತ ಒಬ್ಬರಿಗಾದ್ರೂ ಬೇಕಾ? ನನ್ನ ಹೆಸರು ಎಲ್ಲೂ ಬೇಡಪ್ಪ. ಅವಳದ್ದು ಒಂದ್ಸಲ ಕಾಗದಕ್ಕೆ ಬರಲಿ, ಸಾಕು,” ಎಂದು ಕಲ್ಲಿಗೇ ಹೇಳುತ್ತಾರೆ.

ಏಳಕ್ಕೆ ಗುಡಿಯ ವ್ಯವಸ್ಥಾಪಕರು ಬೀಗದ ಗೊಂಚಲು ಕುಲುಕುತ್ತ ಬರುತ್ತಾರೆ. ನಾಳೆ ಇಲ್ಲಿ ಟೈಲ್ಸ್ ಹಾಸಬೇಕು. ಶಾಸನದ ಪೂರ್ತಿ ಪ್ರತಿ ಆಯಿತೆಂದು ಮಸಿಯಕ್ಕ ರುಜು ಹಾಕದೆ ಪುರಾತತ್ವ ಇಲಾಖೆ ಅದಕ್ಕೆ ಬಿಡದು.

“ಒಂದು ಗೇಣು ಒಡೆಸಿಕೊಡಿ ಸ್ವಾಮಿ, ಮಧ್ಯಾಹ್ನಕ್ಕೆ ಮುಗಿಸ್ತೀನಿ.”

“ಎಂಥಾ ಮಾತು ಅಕ್ಕಾ! ಹೋದ ವರ್ಷ ಹಾಕ್ಸಿದ ಸಿಮೆಂಟು. ರಾಜರು ಕಟ್ಸಿದ್ದು ಅಂತ ಫಲಕ ಬೇರೆ ಬರೆಸಾಗಿದೆ. ಯಾವಳೋ ಬಟ್ಟೆ ಒಗೆಯೋಳಿಗೋಸ್ಕರ...”

“ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಹಾಗಾಯ್ತು.”

“ನೀವೂ ದೇವರನ್ನ ನಂಬೋರೇ ತಾನೆ? ಕ್ಷೇತ್ರದ ಕೆಲಸ, ತಡ ಮಾಡ್ಬಾರ್ದು.” ವ್ಯವಸ್ಥಾಪಕರು ಕಾಗದ ಚಾಚಿ ಪೆನ್ನಿನ ಮುಚ್ಚಳ ತಾವೇ ತೆಗೆದುಕೊಡುತ್ತಾರೆ. “‘ಶಾಸನ ಇಷ್ಟೇ’ ಅಂತ ಬರೆದಿದೀನಿ. ಕೆಳಗೊಂದು ರುಜು ಹಾಕ್ಬಿಡಿ.”

“ನಂಬೋದ್ರಿಂದ್ಲೇ ಹೇಳ್ತಿರೋದು,” ಎನ್ನುತ್ತಾರೆ ಮಸಿಯಕ್ಕ. “ಹಾಕಲ್ಲ.”