ಶಾಲು ಬೇಡ, ಕೋಲು ಕೊಡಿ

ಗ್ಯಾರೇಜಿನಲ್ಲಿ ಹುಳಿಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಿದ್ದೆ. ಮನೆಯೊಳಗೆ ಹುರಿದರೆ ಸ್ಮೋಕ್ ಅಲಾರಂ ಬಡಿದುಕೊಳ್ಳುತ್ತದೆ. ಚಳಿಗಾಲದ ಕೋಟುಗಳಿಗೆಲ್ಲ ಘಾಟು ಹತ್ತಿ, ನಮ್ಮ ಮನೆಯವರು ಆಫೀಸಿನಲ್ಲಿ ಒಗ್ಗರಣೆಯ ವಾಸನೆ ಹೊಡೆಯುತ್ತಾರೆ. ಆದ್ದರಿಂದ ಗ್ಯಾರೇಜಿನ ಬಾಗಿಲು ಅರ್ಧ ಎತ್ತಿ, ಕರೆಂಟ್ ಒಲೆ ಇಟ್ಟುಕೊಂಡು ಅಲ್ಲೇ ಹುರಿಯುವುದು ರೂಢಿ. ಗಾಳಿ ಹೊರಗಡೆಗೆ ಬೀಸುತ್ತಿತ್ತು, ದೇವರ ದಯೆ.

ಅಷ್ಟರಲ್ಲಿ ಫೋನು ಸದ್ದು ಮಾಡಿತು. ಒಹಾಯೊದಲ್ಲಿ ಕಾಲೇಜು ಓದುತ್ತಿರುವ ಮಗಳು ಒಂದು ವಿಡಿಯೋ ಕಳಿಸಿದ್ದಳು. ಅವಳ ಕಾಲೇಜಿನ ಹುಡುಗಿಯರು ಹಬ್ಬದ ಕಾರ್ಯಕ್ರಮಕ್ಕೆ ಕೋಲಾಟ ಅಭ್ಯಾಸ ಮಾಡುತ್ತಿದ್ದರು. ಕೋಲಿಗೆ ಕೋಲು ತಾಗಿಸಿ ಪಕ್ಕದ ಜೊತೆಗಾತಿಯ ಕಡೆಗೆ ಸರಿಯುವಾಗ ಎಲ್ಲರೂ ಒಟ್ಟಿಗೆ ಎಡಗೈಯನ್ನು ಕೋಲಿನ ಸಮೇತ ಸೊಂಟಕ್ಕಿಟ್ಟರು! ನಾನು ಒಲೆಯನ್ನೂ ಮರೆತು ಮತ್ತೆ ಮತ್ತೆ ನೋಡಿದೆ. ಅದರ ಹಿಂದೆಯೇ ಮಗಳ ಫೋನು ಬಂತು.

"ಅಮ್ಮಾ, ಡಿಡ್ ಯು ಸೀ? ಯಾವುದೋ ವಿಡಿಯೋ ನೋಡಿ ಕಲಿತಿದ್ದಾರಂತೆ. ದೇ ಆರ್ ಸೇಯಿಂಗ್ ಇಟ್ಸ್ ದ ಟ್ರೆಡಿಷನಲ್ ಮೈಸೂರು ಸ್ಟೆಪ್! ದಟ್ಸ್ ಆಂಟೀಸ್ ಸ್ಟೆಪ್, ರೈಟ್?"

ನಾನು ಸೌಟು ಹಿಡಿದುಕೊಂಡೇ "ಹೌದು ಕಣೇ!" ಎಂದು ಕಿರುಚಿದೆ. ಪಕ್ಕದ ಮನೆಯ ನಾಯಿ ಬೊಗಳತೊಡಗಿತು.

ಆ ಎಡಗೈ ಸೊಂಟಕ್ಕೆ ಯಾಕೆ ಹೋಯಿತು ಎಂಬುದು ನಮ್ಮೂರು ಮನ್ರೋದ ಕೆಲವು ಹೆಂಗಸರಿಗೆ ಮಾತ್ರ ಗೊತ್ತು. ಮೆಣಸಿನಕಾಯಿ ಘಾಟು, ತಣ್ಣನೆಯ ಸಿಮೆಂಟ್ ನೆಲ, ರಬ್ಬರಿನ ವಾಸನೆ... ನಮ್ಮ ಎದುರುಮನೆ ಆಂಟಿಯ ಗ್ಯಾರೇಜು ಹೀಗೆಯೇ ಇರುತ್ತಿತ್ತು. ಗ್ಯಾರೇಜಿನಲ್ಲಿ ಹುರಿಯುವುದನ್ನು ನನಗೆ ಹೇಳಿಕೊಟ್ಟವರೂ ಅವರೇ.

ಆಂಟಿ ಮೈಸೂರಿನವರು. ನಡೆಯಲು ಕಲಿಯುವ ವಯಸ್ಸಿನಲ್ಲೇ ಪೋಲಿಯೋ ಆಗಿತ್ತು. ನಮಗೆ ಪರಿಚಯವಾಗುವ ಹೊತ್ತಿಗೆ ಅರವತ್ತರ ಹತ್ತಿರದವರು, ಮೋಟಾರಿನ ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದರು. ಗಂಟೆ ದೂರದ ಪಾರ್ಸಿಪನಿಯಲ್ಲಿ ಕೆಲಸ. ಕೈಯಲ್ಲೇ ಬ್ರೇಕು, ಕೈಯಲ್ಲೇ ಆಕ್ಸಿಲರೇಟರು ಇರುವ ವ್ಯಾನನ್ನು ಅಲ್ಲಿಯವರೆಗೆ ತಾವೇ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದರು. ಎರಡು ಕಾಲೂ ನೆಟ್ಟಗಿರುವ ನಾನು ಇವತ್ತಿಗೂ ಟರ್ನ್‌ಪೈಕ್ ಹೆದ್ದಾರಿ ಹತ್ತುವ ಮೊದಲು ರಾಯರನ್ನು ನೆನೆಯುತ್ತೇನೆ.

ನಮ್ಮ ಜನ ಕೆಟ್ಟವರೇನಲ್ಲ. ಆದರೂ ಆಂಟಿಯ ಕಾಲು ನಡೆಯುವುದಿಲ್ಲ ಅಂದರೆ ಕಿವಿಯೂ ಕೇಳಿಸುವುದಿಲ್ಲ ಎಂದುಕೊಂಡು ಜೋರಾಗಿ ಮಾತಾಡುತ್ತಿದ್ದರು, ಇಲ್ಲವೇ ಅವರನ್ನು ಬಿಟ್ಟು ಪಕ್ಕದಲ್ಲಿದ್ದವರನ್ನು ಕೇಳುತ್ತಿದ್ದರು. ನಮ್ಮ ಮನೆಯ ಗೌರಿಹಬ್ಬಕ್ಕೆ ಬಂದಿದ್ದ ಹುಡುಗಿಯೊಬ್ಬಳು ಆಂಟಿಯ ಎದುರಿಗೇ ಅವರ ಯಜಮಾನರನ್ನು, "ಅಂಕಲ್, ಆಂಟಿ ಕಾಫಿಗೆ ಸಕ್ಕರೆ ಹಾಕ್ಕೋತಾರಾ?" ಅಂದಳು. ಅಂಕಲ್ ಮಾತು ಕಡಿಮೆಯ ಮನುಷ್ಯ. ಫ್ಯಾನ್ ನೋಡಿದರು. ಆಂಟಿಯೇ ಹೇಳಿದರು, "ಅವರಿಗೆ ಗೊತ್ತಿಲ್ಲಮ್ಮಾ. ಮದುವೆಯಾದಾಗಿನಿಂದ ಒಂದು ದಿನ ಕಾಫಿ ಮಾಡಿಕೊಟ್ಟಿದ್ರೆ ತಾನೆ ಗೊತ್ತಾಗೋಕೆ!"

ಇನ್ನೊಮ್ಮೆ ದೇವಸ್ಥಾನದಲ್ಲಿ, ಮಗನ ಮನೆಗೆಂದು ಊರಿನಿಂದ ಬಂದಿದ್ದ ಅಜ್ಜಿಯೊಬ್ಬರು ಆಂಟಿಯ ತಲೆ ಸವರಿ, "ಯಾವ ಜನ್ಮದ ಕರ್ಮವೋ ಏನೋ, ಪಾಪ" ಎಂದರು. ನಾನು ಪೂಜೆ ಪುನಸ್ಕಾರ ನಂಬಿದವಳು. ನನಗೇ ಆ ಮಾತು ಹಿಡಿಸಲಿಲ್ಲ. ಆಂಟಿ ಮಾತ್ರ ಕೈಮುಗಿದು, "ಹೋದ ಜನ್ಮದಲ್ಲಿ ತುಂಬಾ ನಡೆದಿರಬೇಕು ಅಮ್ಮಾ, ಅದಕ್ಕೇ ಈ ಸಲ ಕೂತಿದೀನಿ" ಅಂದುಬಿಟ್ಟರು. ಮಂಗಳಾರತಿ ಮುಗಿಯುವವರೆಗೂ ನಗು ತಡೆಯಲು ನಾನು ಸೆರಗನ್ನು ಬಾಯಿಗಿಟ್ಟುಕೊಂಡೇ ನಿಂತಿದ್ದೆ. ಸ್ವಾಮಿ ಕ್ಷಮಿಸಿರುತ್ತಾನೆ. ಅವನಿಗೂ ನಗು ಬಂದಿರಬೇಕು.

ಮಗಳು ಇನ್ನೂ ಶಾಲೆಯಲ್ಲಿದ್ದಾಗ ಒಂದು ವರ್ಷ ರಾಜ್ಯೋತ್ಸವಕ್ಕೆ ಮೊದಲು ನಮ್ಮ ಕನ್ನಡ ಸಂಘದ ಅಧ್ಯಕ್ಷರು ಸ್ವೀಟ್ ಡಬ್ಬ ಹಿಡಿದುಕೊಂಡು ಆಂಟಿಯ ಮನೆಗೆ ಬಂದರು. ಕೋಸಂಬರಿ ಕೊಡಲು ಹೋಗಿದ್ದ ನಾನೂ ಅಲ್ಲೇ ಇದ್ದೆ.

"ಆಂಟಿ, ಈ ಸಲ ನಿಮಗೆ ಸ್ಟೇಜ್ ಮೇಲೆ ಸನ್ಮಾನ ಮಾಡ್ಬೇಕು ಅಂತ ಕಮಿಟಿ ಡಿಸೈಡ್ ಮಾಡಿದೆ. ಶಾಲು, ಹಾರ, ಎಲ್ಲಾ. ಯು ಆರ್ ಆನ್ ಇನ್‌ಸ್ಪಿರೇಷನ್ ಟು ಅಸ್!"

"ಯಾಕಪ್ಪಾ? ನಾನೇನು ಮಾಡಿದೀನಿ?"

"ಅದೇ... ಇಷ್ಟೆಲ್ಲ ಇದ್ರೂ ಕೆಲಸಕ್ಕೆ ಹೋಗ್ತೀರ, ಅಂಗಡಿಗೆ ಹೋಗ್ತೀರ, ಅಡುಗೆ ಮಾಡ್ತೀರ..."

"ನಿನ್ನ ಹೆಂಡತೀನೂ ಮಾಡ್ತಾಳಲ್ಲಪ್ಪಾ. ಅವಳಿಗೆ ಯಾವಾಗ ಶಾಲು?"

ಅಧ್ಯಕ್ಷರು ನಕ್ಕರು. ಆಂಟಿ ನಗಲಿಲ್ಲ. "ಶಾಲು ಬೇಡ, ಕೋಲು ಕೊಡಿ. ನಾನು ಕೋಲಾಟಕ್ಕೆ ಸೇರ್ತೀನಿ" ಎಂದರು.

ಅಧ್ಯಕ್ಷರು ಹೋದ ಮೇಲೆ ಆಂಟಿ ನನಗೆ ಹೇಳಿದರು. ಚಿಕ್ಕವರಿದ್ದಾಗ ನವರಾತ್ರಿಯಲ್ಲಿ ಬೀದಿಯ ಹುಡುಗಿಯರೆಲ್ಲ ಕೋಲಾಟ ಆಡುವಾಗ ಇವರನ್ನು ಜಗಲಿಯ ಮೇಲೆ ಕೂರಿಸಿ, "ನೀನು ಹಾಡು, ನಿನ್ನ ಕಂಠ ಚೆನ್ನಾಗಿದೆ" ಎನ್ನುತ್ತಿದ್ದರಂತೆ. "ನನ್ನ ಕಂಠ ಅಷ್ಟೇನೂ ಚೆನ್ನಾಗಿರಲಿಲ್ಲ ಕಣೇ" ಎಂದರು. ಆಮೇಲೆ ತಮ್ಮ ಭುಜವನ್ನು ಮುಟ್ಟಿ ತೋರಿಸಿದರು. "ಇದೂ ಈಗ ಸೋಲ್ತಾ ಇದೆ. ಈ ವರ್ಷ ಆಗದಿದ್ರೆ ಇನ್ನು ಆಗಲ್ಲ."

ಅಭ್ಯಾಸಕ್ಕೆ ಅವರ ಗ್ಯಾರೇಜನ್ನೇ ಆರಿಸಿಕೊಂಡೆವು. ವ್ಯಾನು ಹೊರಗೆ ನಿಲ್ಲಿಸಿದರೆ ನುಣ್ಣನೆಯ ವಿಶಾಲ ನೆಲ. ಆದರೆ ಗುಂಪಿನವರಿಗೆಲ್ಲ ದಿಗಿಲು. ಒಬ್ಬರು "ಆಂಟಿ ಬಿದ್ದುಬಿಟ್ರೆ?" ಅಂದರು. "ಕೂತಿರೋಳು ಎಲ್ಲಿಗೆ ಬೀಳ್ಲಿ?" ಎಂದು ಆಂಟಿ ತಿರುಗಿ ಕೇಳಿದರು. ನಿಜ ಹೇಳಬೇಕೆಂದರೆ ನನ್ನ ದಿಗಿಲೆಲ್ಲ ನನ್ನ ಕಾಲ್ಬೆರಳುಗಳ ಬಗ್ಗೆ. ಆ ಕುರ್ಚಿಯ ಭಾರ ಅಂಥದ್ದು.

ನಿಜವಾದ ತೊಡಕು ಬೇರೆಯೇ ಇತ್ತು. ಕುರ್ಚಿ ನಡೆಸುವ ಜಾಯ್‌ಸ್ಟಿಕ್ ಇದ್ದದ್ದು ಎಡಗಡೆ. ನಿಂತಲ್ಲೇ ಕೋಲು ಹೊಡೆಯುವಾಗ ಆಂಟಿಯ ಎರಡು ಕೈಯೂ ಆಡುತ್ತಿದ್ದವು. ಜೊತೆ ಬದಲಿಸಲು ಸರಿಯುವಾಗ ಎಡಗೈ ಜಾಯ್‌ಸ್ಟಿಕ್ಕಿಗೆ ಬೇಕು. ಕೋಲು ಹಿಡಿದೇ ಅದನ್ನು ತಳ್ಳಬಹುದಿತ್ತು, ಹೊಡೆಯಲು ಆಗುತ್ತಿರಲಿಲ್ಲ. ಪ್ರತಿ ಸಲವೂ ಎದುರಿನವಳ ಕೋಲು ಗಾಳಿಗೆ ಬಡಿದು, ತಾಳ ತಪ್ಪುತ್ತಿತ್ತು. ಆಂಟಿಯ ಮುಖ ಸಣ್ಣಗಾಯಿತು.

ನಮಗೆ ಕೋಲಾಟ ಕಲಿಸುತ್ತಿದ್ದವರು ಧಾರವಾಡದ ಹೆಣ್ಣುಮಗಳು. ಆಂಟಿಯ ಎಡಗೈಯನ್ನು ಒಂದೆರಡು ಸಲ ನೋಡಿ, "ಸರಿಯೂ ಹೊತ್ನ್ಯಾಗ ಆಂಟಿ ಎಡಗೈ ಹೊಡಿಯೂದಿಲ್ಲ ಹೌದಿಲ್ರಿ? ಹಂಗಾರ ನಾವ್ಯಾರೂ ಹೊಡಿಯೂದು ಬ್ಯಾಡ. ಎಲ್ಲಾರೂ ಎಡಗೈ ಸೊಂಟಕ್ಕ ಇಟ್ಕೋರಿ" ಎಂದರು.

ಇಟ್ಟುಕೊಂಡೆವು. ಬಲಗೈ ಕೋಲು ಟಕ್ಕೆಂದಿತು, ಎಡಗೈ ಸೊಂಟಕ್ಕೆ ಹೋಯಿತು, ಕುರ್ಚಿ ಗುಂಯ್ ಎಂದು ಪಕ್ಕಕ್ಕೆ ಸರಿಯಿತು, ಸರಿಯಾಗಿ ತಾಳಕ್ಕೆ! ಅಯ್ಯೋ, ಆ ಸಂಭ್ರಮ... ಗ್ಯಾರೇಜಿನಲ್ಲಿ ನಾವು ಹಾಕಿದ ಕೇಕೆಗೆ ಒಳಗಿದ್ದ ಅಂಕಲ್ ಏನೋ ಬಿತ್ತೆಂದು ಓಡಿಬಂದರು.

ಕಾರ್ಯಕ್ರಮದ ದಿನ ನಾವೆಲ್ಲ ಇಳಕಲ್ ಸೀರೆ ಉಟ್ಟು, ಹೂ ಮುಡಿದುಕೊಂಡು ಸಜ್ಜಾಗಿದ್ದೆವು. ಬಾಡಿಗೆಗೆ ಹಿಡಿದಿದ್ದ ಸಭಾಂಗಣದ ವೇದಿಕೆಗೆ ಮೆಟ್ಟಿಲು. ಪಕ್ಕದಲ್ಲಿ ಪುಟ್ಟ ಲಿಫ್ಟ್ ಇತ್ತು, ಆದರೆ ಅದು ಜಪ್ಪಯ್ಯ ಅಂದರೂ ಮೇಲೇಳಲಿಲ್ಲ. ನಮ್ಮ ಸರದಿ ಬಂದಾಗಿತ್ತು. ಅಧ್ಯಕ್ಷರು ರೇಷ್ಮೆ ಪಂಚೆ ಎತ್ತಿಕಟ್ಟಿ ಗಂಡಸರನ್ನೆಲ್ಲ ಕರೆದುಕೊಂಡು ಓಡಿಬಂದರು.

"ಆಂಟಿ, ನೀವು ಸುಮ್ನೆ ಕೂತಿರಿ. ನಾವು ಎತ್ತಿಬಿಡ್ತೀವಿ!"

"ಎತ್ತಿಸಿಕೊಂಡು ಹೋಗೋಕೆ ನಾನೇನು ಉತ್ಸವಮೂರ್ತೀನೇನಪ್ಪಾ?" ಎಂದರು ಆಂಟಿ. "ನಿಮ್ಮ ಬೆನ್ನು ಮುರಿಯತ್ತೆ, ಬಿಡಿ."

ತಮಾಷೆಯಾಗಿಯೇ ಹೇಳಿದರು. ಆದರೆ ಮೇಲಿಂದ ನಮ್ಮ ಗುಂಪಿನ ಹೆಸರು ಕೂಗಿದಾಗ ಅವರ ಕೈ ಕೋಲುಗಳನ್ನು ಮಡಿಲಿಗೆ ಇಳಿಸಿಬಿಟ್ಟಿತು. ನನ್ನ ಕಡೆ ನೋಡದೆ, "ನೀವು ಹೋಗಿ ಆಡ್ರಮ್ಮಾ. ನಾನು ಇಲ್ಲಿಂದಲೇ ಹಾಡ್ತೀನಿ" ಎಂದರು.

ಜಗಲಿಯ ಮೇಲಿನ ಆ ಪುಟ್ಟ ಹುಡುಗಿ ನನಗೆ ಕಣ್ಣೆದುರಿಗೇ ಕಂಡಳು. ನಾನು ಮೆಟ್ಟಿಲು ಹತ್ತದೆ ಅವರ ಪಕ್ಕದಲ್ಲೇ ನಿಂತೆ. ಅಷ್ಟರಲ್ಲಿ ಆಗಲೇ ವೇದಿಕೆ ಹತ್ತಿದ್ದ ಧಾರವಾಡದವರು ಧಡಧಡ ಇಳಿದು ಬಂದು, "ಹಾಡೂದು ಬ್ಯಾಡ್ರಿ ಆಂಟಿ, ಕೋಲು ತಗೋರಿ. ನಾವೇ ಕೆಳಗ ಆಡ್ತೀವಿ" ಎಂದರು.

ವೇದಿಕೆಗೂ ಮೊದಲ ಸಾಲಿಗೂ ನಡುವೆ ಇದ್ದ ಜಾಗದಲ್ಲಿ ಸುತ್ತುಕಟ್ಟಿ ನಿಂತೆವು. ಹಿಂದಿನವರಿಗೆ ಕಾಣದೆ ಸಭೆಯೆಲ್ಲ ಎದ್ದು ನಿಂತಿತು. ಮಕ್ಕಳು ವೇದಿಕೆಯ ಅಂಚಿಗೆ ಹೋಗಿ ಕಾಲು ಇಳಿಬಿಟ್ಟು ಕೂತವು. ನನ್ನ ಮಗಳೂ ಅವರ ನಡುವೆ ಇದ್ದಳು. ಕೆಳಗೆ ಬೆಳಕಿರಲಿಲ್ಲ. ಕುರ್ಚಿ ಎತ್ತಲು ಬಂದಿದ್ದ ಗಂಡಸರೇ ಫೋನಿನ ಲೈಟು ಹಿಡಿದರು.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ! ಟಕ್, ಟಕ್, ಕೈ ಸೊಂಟಕ್ಕೆ, ಗುಂಯ್... ಆಂಟಿಯ ಕುಂಕುಮ ಬೆವರಿಗೆ ಮೂಗಿನವರೆಗೆ ಇಳಿದಿತ್ತು. ಕೊನೆಗೆ ಎಲ್ಲರೂ ನಿಂತಲ್ಲೇ ಒಂದು ಸುತ್ತು ತಿರುಗಬೇಕು. ನಾವು ಒಂದು ಸುತ್ತು ತಿರುಗುವಷ್ಟರಲ್ಲಿ ಆಂಟಿಯ ಕುರ್ಚಿ ಬುಗುರಿಯ ಹಾಗೆ ಸುತ್ತುತ್ತಲೇ ಇತ್ತು, ಜಡೆಯ ಹೂವೆಲ್ಲ ಹಾರಿ ಬಿತ್ತು. ಸೀಟಿ, ಚಪ್ಪಾಳೆ! ನನ್ನ ಕಾಲ್ಬೆರಳುಗಳೂ ಕ್ಷೇಮವಾಗಿದ್ದವು. ಅದೂ ರಾಯರ ಕೃಪೆಯೇ.

ಊಟದ ಸಾಲಿನಲ್ಲಿ ಹೆಂಗಸರು ಆಂಟಿಯನ್ನು ಮುತ್ತಿಕೊಂಡರು. ಆವತ್ತು ಯಾರೂ ಅಂಕಲ್‌ನನ್ನು ಕೇಳಲಿಲ್ಲ. "ಆಂಟಿ, ಆ ಸೊಂಟದ ಮೇಲೆ ಕೈ ಇಡೋ ಸ್ಟೆಪ್ ಎಷ್ಟು ಚೆನ್ನಾಗಿತ್ತು! ಅದು ಯಾವ ಕಡೇದು?"

ಆಂಟಿ ಬಿಸಿಬೇಳೆಭಾತಿನ ತುತ್ತು ನುಂಗಿ, ಬಹಳ ಗಂಭೀರವಾಗಿ, "ಮೈಸೂರು ಕಡೇದು. ತುಂಬಾ ಹಳೇ ಸಂಪ್ರದಾಯ" ಎಂದರು. ಪಕ್ಕದಲ್ಲಿದ್ದ ನನಗೆ ತುತ್ತು ನೆತ್ತಿಗೇರಿತು. ಕೇಳಿದವರೆಲ್ಲ ಅದನ್ನು ನಿಜವೆಂದೇ ನಂಬಿಕೊಂಡು ಹೋದರು.

ಅದಾದ ಮುಂದಿನ ವರ್ಷ ಅವರ ಭುಜ ನಿಜಕ್ಕೂ ಸೋತಿತು, ಮತ್ತೆ ಕೋಲು ಹಿಡಿಯಲಾಗಲಿಲ್ಲ. ಹೋದ ಚಳಿಗಾಲದಲ್ಲಿ ನ್ಯುಮೋನಿಯಾ ಆಯಿತು... ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಅಂಕಲ್ ಮನೆ ಮಾರಿ ತಂಗಿಯ ಊರಿಗೆ ಹೋದರು. ಹೊಸಬರು ಎದುರುಮನೆಯ ರ‍್ಯಾಂಪ್ ಕಿತ್ತು ಹೂಗಿಡ ಹಾಕಿದ್ದಾರೆ. ಅವರದೇನೂ ತಪ್ಪಿಲ್ಲ. ಆದರೂ ಬೆಳಿಗ್ಗೆ ಕಿಟಕಿಯ ಪರದೆ ಸರಿಸಿದಾಗ ನನ್ನ ಕಣ್ಣು ಆ ವ್ಯಾನನ್ನೇ ಹುಡುಕುತ್ತದೆ.

"ಅಮ್ಮಾ? ಆರ್ ಯು ದೇರ್?" ಎಂದಳು ಮಗಳು. "ಶುಡ್ ಐ ಟೆಲ್ ದೆಮ್?"

"ಹೇಳು ಕಣೇ. ಜಾಯ್‌ಸ್ಟಿಕ್ ಎಡಗಡೆ ಇತ್ತು, ಅದಕ್ಕೇ ಆ ಸ್ಟೆಪ್ ಅಂತ ಹೇಳು. ಅಯ್ಯೋ ಪಾಪ ಅಂತ ಮಾತ್ರ ಹೇಳಬೇಡ. ಬುಗುರಿ ಥರ ತಿರುಗಿದ್ರು ಅಂತ ಹೇಳು."

ಫೋನಿಟ್ಟು ನೋಡಿದರೆ ಮೆಣಸಿನಕಾಯಿ ಕಪ್ಪಾಗುವುದಕ್ಕೆ ಒಂದು ಗಳಿಗೆ ಬಾಕಿ. ದೇವರು ದೊಡ್ಡವನು. ಬೇಗ ಬೇಗ ಕೈಯಾಡಿಸಿದೆ. ಬಲಗೈಯಲ್ಲಿ ಸೌಟು ಇತ್ತು, ಎಡಗೈ ತಾನಾಗಿಯೇ ಸೊಂಟಕ್ಕೆ ಹೋಗಿತ್ತು. ಕಣ್ಣಲ್ಲಿ ನೀರು ಬಂದಿತ್ತು. ಮೆಣಸಿನಕಾಯಿಯನ್ನು ಮೊರಕ್ಕೆ ಸುರಿದು, ಬಾಣಲೆ ಒರೆಸಿ, ಧನಿಯ ಹಾಕಿದೆ.