ಆಂಟೆನಾದ ಹಿಂದೆ ಕೂತವನ ಸರದಿ

ಕುವೈತಿನ ಪಶ್ಚಿಮ ಮರುಭೂಮಿಯಲ್ಲಿ ಶುಕ್ರವಾರದ ಬೆಳಕು ಆಗಷ್ಟೇ ಹರಿಯುತ್ತಿದೆ. ಡೇರೆಗಳಿಂದ ತುಸು ದೂರದಲ್ಲಿ ಕ್ಲೆಮೆಂಟ್ ಲೋಬೊ ಮೊಣಕಾಲೂರಿ ಕುಳಿತು, ಲ್ಯಾಪ್‌ಟಾಪಿನಷ್ಟೇ ಅಗಲದ ಬಿಳಿ ಹಲಗೆಯೊಂದನ್ನು ಆಗ್ನೇಯದ ಆಕಾಶಕ್ಕೆ ಮುಖ ಮಾಡಿ ನಿಲ್ಲಿಸುತ್ತಿದ್ದಾರೆ. ಅದು ಉಪಗ್ರಹ ಇಂಟರ್ನೆಟ್ಟಿನ ಆಂಟೆನಾ. ಎಡಕ್ಕೆ ಚೂರು, ಮೇಲಕ್ಕೆ ಇನ್ನೊಂದು ಚೂರು. ಯಂತ್ರದ ಬೀಪ್ ಸದ್ದು ಗಟ್ಟಿಯಾಗುತ್ತದೆ. ಹಿಂದೆ ಸಾಲು ಆಗಲೇ ಬೆಳೆದಿದೆ.

"ಯಲ್ಲಾ, ಬನ್ನಿ, ಸಿಕ್ಕಿತು. ಇದರ ಎದುರು ಯಾರೂ ನಡೀಬೇಡಿ ಆಯ್ತಾ. ಲೈನ್ ಹೋದ್ರೆ ಮತ್ತೆ ನನಗೆ ಬೈಬೇಡಿ."

ತೈಲ ಹುಡುಕುವ ಸರ್ವೆ ತಂಡವೊಂದರ ಕ್ಯಾಂಪ್ ಇದು. ಇಲ್ಲಿ ಮೊಬೈಲ್ ಟವರ್ ಇಲ್ಲ. ವಾರವಿಡೀ ಎಂಜಿನಿಯರುಗಳ ವರದಿಯನ್ನು ಅಹ್ಮದಿಯ ಕಚೇರಿಗೆ ಮುಟ್ಟಿಸುವುದು ಕ್ಲೆಮೆಂಟರ ಆಂಟೆನಾ. ಶುಕ್ರವಾರ ಮಾತ್ರ ಕೆಲಸದವರಿಗೂ ಒಂದೊಂದು ಸರದಿ ಸಿಗುತ್ತದೆ, ತಂತಿಯ ಇನ್ನೊಂದು ತುದಿಯ ಲ್ಯಾಪ್‌ಟಾಪ್ ಪರದೆಯಲ್ಲಿ ಮನೆಯವರ ಮುಖ ನೋಡುವುದಕ್ಕೆ. ಕಾಗದದಲ್ಲಿ ಕ್ಲೆಮೆಂಟರ ಹುದ್ದೆಯ ಹೆಸರು 'ಹೆಲ್ಪರ್'.

ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಭೂಮಿಯ ಮೇಲೆ ಎಲ್ಲಿ ಬೇಕಾದರೂ ಲೈನ್ ಸಿಗುತ್ತದೆಂದು ಬರೆದಿದೆಯಂತೆ. ಆ ಮಾತು ಎತ್ತಿದರೆ ಸಾಕು, ಕ್ಲೆಮೆಂಟರಿಗೆ ನಗು. "ಗಾಡಿ ಓಡುವಾಗ ಇಲ್ಲ, ಡೇರೆಯ ಒಳಗೆ ಇಲ್ಲ, ದಿಬ್ಬದ ಮರೆಯಲ್ಲಿ ಇಲ್ಲ. ಆಕಾಶದ ಆ ಒಂದು ಮೂಲೆ ಕಾಣ್ಬೇಕು. ಕಾಣದಿದ್ರೆ ಖಲಾಸ್." ಕ್ಯಾಂಪ್ ಈಗಿರುವ ನೆಲ ಮೆದು; ಮರಳು ಚೀಲ ಒತ್ತಿಟ್ಟರೂ ಗಾಳಿಗೆ ಆಂಟೆನಾ ವಾಲುತ್ತದೆ. ಹಾಗಾಗಿ ಎಲ್ಲರ ಸರದಿ ಮುಗಿಯುವ ತನಕ ಅದರ ಹಿಂದೆ ಕುಳಿತು ಹಿಡಿದುಕೊಳ್ಳುವವರು ಅವರೇ. ಅವರ ಸರದಿ ಎಲ್ಲರಿಗಿಂತ ಕೊನೆಗೆ. ಅಷ್ಟು ಹೊತ್ತಿಗೆ ಉಳಿದವರೆಲ್ಲ ಹೋಗಿರುತ್ತಾರೆ, ಗಾಳಿ ಜೋರಾಗಿರುತ್ತದೆ, ಕೈ ಬಿಟ್ಟರೆ ಲೈನ್ ಹೋಗುತ್ತದೆ, ಹಿಡಿದರೆ ಪರದೆ ಕಾಣುವುದಿಲ್ಲ. ಕಿನ್ನಿಗೋಳಿಯ ಮನೆಯಲ್ಲಿರುವ ಹೆಂಡತಿ ಬೆಟ್ಟಿ, ಮಗಳು ಜಾನಿಸ್ ಇಬ್ಬರ ದನಿಯನ್ನಷ್ಟೇ ಕೇಳಿ ಅವರು ಏಳುತ್ತಾರೆ. ಇಲ್ಲಿಗೆ ಕರೆಸಿಕೊಳ್ಳೋಣವೆಂದರೆ ಫ್ಯಾಮಿಲಿ ವೀಸಾ ಸಿಗುವಷ್ಟು ಸಂಬಳವಿಲ್ಲ. ಕುವೈತಿಗೆ ಬಂದ ಹೊಸತರಲ್ಲಿ ಖೈತಾನ್ ಪೇಟೆಯ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಕಾಲದಲ್ಲೂ ಇರಲಿಲ್ಲ.

ಹೀಗೆ ಕೂತವನಿಗೆ ಹೊಟ್ಟೆಕಿಚ್ಚು ಬರದೆ ಇನ್ನೇನು ಬರಬೇಕು? ಅವರು ಅದನ್ನು ಮುಚ್ಚಿಡುವುದೂ ಇಲ್ಲ. ಅದರಲ್ಲೂ ನೀರಿನ ಟ್ಯಾಂಕರ್ ಓಡಿಸುವ ಯಶೋಧರನ ಮೇಲೆ. ಕಾರ್ಕಳದ ಕಡೆಯ ಈ ಮನುಷ್ಯ ಪರದೆಯ ಮುಂದೆ ಕುಳಿತರೆ ಮನೆಯೇ ಎದ್ದು ಬಂದಂತಾಗುತ್ತದೆ. ಹೆಂಡತಿ ಮೋಹಿನಿ ಮೀನಿನ ಬೆಲೆಯಿಂದ ಹಿಡಿದು ನೆರೆಮನೆಯ ಜಗಳದವರೆಗೆ ಎಲ್ಲವನ್ನೂ ಹೇಳುತ್ತಾಳೆ. ಮಗಳು ಅಶ್ಮಿತಾ ಶಾಲೆಯಲ್ಲಿ ಕಲಿತ ಹಾಡನ್ನು ಪೂರ್ತಿ ಹಾಡುತ್ತಾಳೆ. ಆಂಟೆನಾದ ಹಿಂದೆ ಕೂತ ಕ್ಲೆಮೆಂಟರಿಗೆ ಪ್ರತಿ ಪದವೂ ಕೇಳುತ್ತದೆ. "ನನ್ನ ಜಾನಿಸ್ 'ಹ್ಞೂಂ', 'ಆಯ್ತು ಪಪ್ಪಾ' ಅಂತಾಳೆ, ಅಷ್ಟೇ. ನನ್ನ ಮುಖ ನೋಡಿದ್ರೆ ತಾನೇ ಮಾತು ಬರುವುದು? ಆ ಹುಡುಗಿ ಹಾಡುವಾಗ ಆಂಟೆನಾ ಸ್ವಲ್ಪ ತಿರುಗಿಸಿ ಬಿಡುವಾ ಅಂತ ಎಷ್ಟೋ ಸಲ ಕಂಡಿದೆ. ತಿರುಗಿಸ್ಲಿಲ್ಲ, ಅದು ಬೇರೆ."

ಕಳೆದ ಸೆಪ್ಟೆಂಬರಿನಲ್ಲಿ ತೆನೆಹಬ್ಬ ಶುಕ್ರವಾರವೇ ಬಂತು. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಅಂದು ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆ ತಂದು, ಅದರ ಕಾಳನ್ನು ಹಾಲಿಗೆ ಹಾಕಿ ಎಲ್ಲರೂ ಒಟ್ಟಿಗೆ ಕುಡಿಯುತ್ತಾರೆ. ಆಮೇಲೆಯೇ ಊಟ. ಪರದೇಶದಲ್ಲಿದ್ದವರಿಗೆ ನಾಲ್ಕು ಕಾಳು ಅಂಚೆಯಲ್ಲಿ ಹೋಗುತ್ತದೆ. ಕ್ಲೆಮೆಂಟರಿಗೂ ಪ್ರತಿ ವರ್ಷ ಬರುತ್ತದೆ, ಹಬ್ಬ ಕಳೆದು ಎಷ್ಟೋ ದಿನಕ್ಕೆ. ಹಿಂದಿನ ವರ್ಷದ ಕಾಳು ಉಳಿಸಿಕೊಂಡಿದ್ದರು. ಈ ಸಲ ಮನೆಯವರ ಮುಖ ನೋಡುತ್ತ, ಅವರ ಜೊತೆಗೇ ಕುಡಿಯಬೇಕೆಂಬ ಆಸೆ. ಊರಿನಲ್ಲಿ ಮಧ್ಯಾಹ್ನದ ಊಟದ ಹೊತ್ತಾದಾಗ, ಇಲ್ಲಿನ್ನೂ ಬೆಳಗಿನ ಹತ್ತರ ಬಿಸಿಲಿನಲ್ಲಿ, ಮೊದಲ ಬಾರಿಗೆ ಸಾಲಿನವರನ್ನು ನಿಲ್ಲಿಸಿ, "ಇವತ್ತು ನನಗೆ ಬಿಡಿ," ಎಂದರು. ಅದೃಷ್ಟಕ್ಕೆ ಗಾಳಿಯೂ ಇರಲಿಲ್ಲ. ಪರದೆಯ ಮೇಲೆ ಬೆಟ್ಟಿ, ಪಕ್ಕದಲ್ಲಿ ಹೊಸ ಫ್ರಾಕಿನ ಜಾನಿಸ್. ಬೆಟ್ಟಿ ಲೋಟ ಎತ್ತಿದಳು. ಚಿತ್ರ ಅಲ್ಲಿಗೇ ನಿಂತುಬಿಟ್ಟಿತು.

ಕ್ಲೆಮೆಂಟ್ ತಲೆ ಎತ್ತಿದರು. ಆಂಟೆನಾದ ಎದುರಿಗೇ ಯಶೋಧರನ ಟ್ಯಾಂಕರ್!

"ಬೇಕಂತಲೇ ಮಾಡಿದ ಅಂತ ಕಂಡಿತು. ನನ್ನ ಹೊಟ್ಟೆಯಲ್ಲಿ ಇದ್ದದ್ದೇ ಅವನ ಹೊಟ್ಟೆಯಲ್ಲೂ ಉಂಟು ಅಂತ ನಾನು ಲೆಕ್ಕ ಹಾಕಿದ್ದು," ಎನ್ನುತ್ತಾರೆ ಕ್ಲೆಮೆಂಟ್. ಅಂದು ಅವರು ಬಾಯಿಗೆ ಬಂದಂತೆ ಬೈದರು. ಯಶೋಧರ ಕೆಳಗಿಳಿದು ಪೆಚ್ಚಾಗಿ ನಿಂತ. "ಬಿಸಿಲು ನಿಮ್ಮ ತಲೆ ಮೇಲೆಯೇ ಬೀಳ್ತಿತ್ತಲ್ಲ ಕ್ಲೆಮೆಂಟಣ್ಣ. ಹಬ್ಬದ ದಿನ ಸ್ವಲ್ಪ ನೆರಳಾಗ್ಲಿ ಅಂತ ತಂದು ನಿಲ್ಲಿಸಿದೆ."

ಆ ಹೊತ್ತಿನಲ್ಲಿ ಸೂರ್ಯನೂ ಉಪಗ್ರಹವೂ ಆಕಾಶದ ಒಂದೇ ಮಗ್ಗುಲಲ್ಲಿ. ನೆರಳು ಕೊಡಲು ಹೋದವನು ಲೈನನ್ನೇ ಮುಚ್ಚಿದ್ದ. ಟ್ಯಾಂಕರ್ ಹಿಂದೆಗೆಯಲು ಹೋದರೆ ಚಕ್ರ ಮರಳಿನಲ್ಲಿ ಹೂತು ಗರಗರ ಸುತ್ತಿತೇ ಹೊರತು ಕದಲಲಿಲ್ಲ. ಕಡೆಗೆ ಯಶೋಧರನೇ ಆಂಟೆನಾ ಎತ್ತಿಕೊಂಡು, ತಂತಿ ಎಟಕುವಷ್ಟು ದೂರ ಟ್ಯಾಂಕರಿನ ಆಚೆ ಬದಿಗೆ ಓಡಿ, ಬಿಸಿಲಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ಕ್ಲೆಮೆಂಟ್ ಕೂಗಿ ದಿಕ್ಕು ಹೇಳಿದರು. "ಎಡಕ್ಕೆ. ಇನ್ನೂ. ಹಾಂ, ಅಲುಗಾಡ್ಬೇಡ!"

ಚಿತ್ರ ಮರಳಿ ಬಂತು. ಲೋಟಗಳು ತುಂಬಿದಂತೆಯೇ ಇದ್ದವು.

"ಪಪ್ಪಾ, ಹಸಿವಾಗ್ತದೆ. ಮಮ್ಮಿ ಕುಡಿಯಲಿಕ್ಕೆ ಬಿಡ್ಲಿಲ್ಲ," ಎಂದಳು ಜಾನಿಸ್.

ಕ್ಲೆಮೆಂಟ್ ಕುಡಿದರು. ಡಬ್ಬಿ ಹಾಲು, ಹಳೆಯ ವರ್ಷದ ಕಾಳು. ಮಗಳ ಮುಂದಿನ ಹಲ್ಲೊಂದು ಬಿದ್ದಿದೆಯೆಂಬುದು ಅವರಿಗೆ ಗೊತ್ತಾದದ್ದು ಆಗಲೇ. ಉಳಿದ ಹಾಲನ್ನು ಒಯ್ದು ಯಶೋಧರನಿಗೆ ಕೊಟ್ಟರು. ಅವನು ಬೆವರು ಒರೆಸಿಕೊಂಡು ಕುಡಿದು, "ಇಷ್ಟು ದಿನ ನೀವು ಹೀಗೇ ಕೂತದ್ದಾ ಅಣ್ಣ? ಎಲ್ಲ ಕೇಳ್ತದೆ, ಎಂತದೂ ಕಾಣುವುದಿಲ್ಲ," ಎಂದ.

ಅಂದಿನಿಂದ ಕ್ಲೆಮೆಂಟರ ಸರದಿಗೆ ಆಂಟೆನಾ ಹಿಡಿಯುವುದು ಯಶೋಧರ. ಸರದಿ ಮಾತ್ರ ಈಗಲೂ ಕೊನೆಯದೇ, ಅದನ್ನು ಬದಲಿಸಲು ಕ್ಲೆಮೆಂಟರೇ ಒಪ್ಪಿಲ್ಲ. ಅಂದಮೇಲೆ ಹೊಟ್ಟೆಕಿಚ್ಚು ಆರಿತೇ ಎಂದು ಕೇಳಿದರೆ ಅವರು ಇಲ್ಲವೆಂದು ತಲೆಯಾಡಿಸುತ್ತಾರೆ. ಪರದೆಯ ಮುಂದೆ ಈಗ ಅಶ್ಮಿತಾಳ ಹಾಡು ಶುರುವಾಗಿದೆ. ಕ್ಲೆಮೆಂಟರ ಕೈ ಆಂಟೆನಾವನ್ನು ಅಲುಗದಂತೆ ಹಿಡಿದಿದೆ, ಮುಖ ಮಾತ್ರ ಗಂಟು.

"ನನ್ನದು ಒಂದೇ ಆಸೆ," ಎನ್ನುತ್ತಾರೆ ತಗ್ಗಿದ ದನಿಯಲ್ಲಿ. "ಜಾನಿಸ್ ಒಂದು ಶುಕ್ರವಾರ ನನ್ನ ಹತ್ರ ಬಾಯಿ ತುಂಬ ಮಾತಾಡ್ಬೇಕು. ಯಶೋಧರ ಇದರ ಹಿಂದೆ ಕೂತು ಎಲ್ಲ ಕೇಳ್ಬೇಕು. ಅವನಿಗೆ ಹೊಟ್ಟೆಕಿಚ್ಚಾಗ್ಬೇಕು."